ಟೀ ಟೈಮಲ್ಲಿ ಸುಮ್ನೆ ಕೂತಿರೋದು ಯಾರು ಅಂತ ನೋಡಿ

ವಿಶ್ವವಿದ್ಯಾಲಯವೊಂದರ ಕೊಡಗಿನ ಕ್ಯಾಂಪಸ್ಸಿನಲ್ಲಿ ನಾನು ಆಫೀಸ್ ಸೂಪರಿಂಟೆಂಡೆಂಟ್. 'ವೈವಿಧ್ಯ', 'ಒಳಗೊಳ್ಳುವಿಕೆ' ಅಂತ ಸುತ್ತೋಲೆ ಬಂದಾಗಲೆಲ್ಲ ನಾವು ಒಂದು ಕಾರ್ಯಾಗಾರ ಮಾಡ್ತೀವಿ, ಬ್ಯಾನರ್ ಮುಂದೆ ಫೋಟೋ ತೆಗೆಸ್ಕೊಳ್ತೀವಿ, ಊಟ ಮಾಡ್ತೀವಿ. ಅದನ್ನು ಬಿಡಿ. ಖರ್ಚಿಲ್ಲದೆ ಮಾಡಬಹುದಾದ್ದನ್ನು ಹೇಳ್ತೀನಿ.

ಮೊದಲು ಮೀಟಿಂಗ್ ಟೈಮ್ ಬದಲಾಯಿಸಿ. ಇದನ್ನು ನಾನು ತಪ್ಪು ಮಾಡಿ ಕಲಿತದ್ದು. ಸಂಜೆ ನಾಲ್ಕೂವರೆಗೆ ಮೀಟಿಂಗ್ ಕರೀತಿದ್ದೆ. ಯರವ ಬುಡಕಟ್ಟಿನವರ ಹಾಡಿಯಿಂದ (ಕಾಡಂಚಿನ ಪುಟ್ಟ ವಸತಿ) ಬರುವ, ಗುತ್ತಿಗೆ ಮೇಲಿದ್ದ ಡಾಟಾ ಎಂಟ್ರಿ ಆಪರೇಟರ್ ಒಬ್ಬರು ಯಾವಾಗಲೂ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ವರದಿಯಲ್ಲಿ 'ಆಸಕ್ತಿ ಕಡಿಮೆ' ಅಂತ ಬರೆದುಬಿಟ್ಟೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ದಿನ ಅವರನ್ನು ಜೀಪಲ್ಲಿ ಬಿಡೋಕೆ ಹೋದಾಗ ವಿಷಯ ಗೊತ್ತಾಯ್ತು: ಕೊನೇ ಬಸ್ ಇಳಿದು ಕಾಫಿ ತೋಟದ ನಡುವೆ ಎರಡು ಕಿಲೋಮೀಟರ್ ನಡೀಬೇಕು, ಕತ್ತಲಾದರೆ ಆ ದಾರಿ ಆನೆಗಳದ್ದು. 'ಆಸಕ್ತಿ' ಅಂತ ಬರೆದ ಜಾಗದಲ್ಲಿ ನಾನು 'ಆನೆ' ಅಂತ ಬರೀಬೇಕಿತ್ತು. ಈಗ ನಮ್ಮ ಮೀಟಿಂಗ್ ಬೆಳಿಗ್ಗೆ ಹನ್ನೊಂದಕ್ಕೆ.

ಇನ್ನು ಭಾಷೆ. ನಮ್ಮ ಟೀ ಮೇಜಿನ ಒಂದು ಕಡೆ ಕೊಡವ ತಕ್ಕ್, ಇನ್ನೊಂದು ಕಡೆ ಅರೆಭಾಷೆ, ಮಧ್ಯೆ ಮಲಯಾಳಂ, ಬ್ಯಾರಿ. ಯಾರೂ ತಮ್ಮ ಮಾತು ನಿಲ್ಲಿಸಬೇಕಿಲ್ಲ, ಅದು ಈ ಊರಿನ ಚೆಂದ ಅಲ್ವಾ. ಆದರೆ ಟ್ರಾನ್ಸ್‌ಫರ್, ಪರೀಕ್ಷಾ ಡ್ಯೂಟಿ, ಯಾರಿಗೆ ಯಾವ ವಿಭಾಗ ಅನ್ನೋದೆಲ್ಲ ಅಲ್ಲೇ ತೀರ್ಮಾನ ಆಗಿಬಿಡುತ್ತೆ, ಆ ಭಾಷೆ ಬಾರದವರಿಗೆ ಆರ್ಡರ್ ಕೈಗೆ ಬಂದಾಗಲೇ ಗೊತ್ತಾಗೋದು. ಹಾಗಾಗಿ ಕೆಲಸದ ಮಾತು ಬಂದ ಕೂಡಲೇ ಕನ್ನಡಕ್ಕೆ ಬನ್ನಿ, ಅಂದೇ ಗ್ರೂಪಿಗೆ ನಾಲ್ಕು ಸಾಲು ಹಾಕಿ. 'ಹಾಡಿಯಿಂದ ಬಂದೂ ಎಷ್ಟು ಚೆನ್ನಾಗಿ ಟೈಪ್ ಮಾಡ್ತೀರಿ!' ಅನ್ನೋ ಥರದ ಹೊಗಳಿಕೆಯನ್ನಂತೂ ದಯವಿಟ್ಟು ನುಂಗಿಕೊಳ್ಳಿ.

ರಜೆ ಕೇಳಿದರೆ ಮುಖ ಸಿಂಡರಿಸಬೇಡಿ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗಿನಲ್ಲಿ ಸ್ಥಳೀಯ ರಜೆ ಇದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯೋ ಬುಡಕಟ್ಟು ಜನರ ಕುಂಡೆ ಹಬ್ಬಕ್ಕೆ ಹೋಗೋ ಅಟೆಂಡರ್ ಮಾತ್ರ ಅರ್ಜಿ ಹಿಡ್ಕೊಂಡು ಮೂರು ಟೇಬಲ್ ಸುತ್ತಬೇಕು. ಗುತ್ತಿಗೆಯವರಾದರೆ ಕೇಳೋಕೇ ಹೆದರುತ್ತಾರೆ. ವರ್ಷದ ಶುರುವಿನಲ್ಲೇ ಎಲ್ಲರ ಹಬ್ಬ ಬರೆದಿಟ್ಟುಕೊಂಡರೆ ಪರೀಕ್ಷಾ ಡ್ಯೂಟಿ ಹಾಕೋದೂ ಸುಲಭ.

ಊಟಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಪಂದಿ ಕರಿ (ಹಂದಿ ಮಾಂಸದ ಸಾರು) ಇರಲಿ, ಪಾತ್ರೆ ಮೇಲೆ ಹೆಸರು ಬರೆಯಿರಿ, ಸೌಟು ಬೇರೆ ಇಡಿ, ಮುಗೀತು.

ಅಂಗವಿಕಲರ ವಿಷಯಕ್ಕೆ ಬಂದರೆ, 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ. 4 ಮೀಸಲಾತಿಯೂ ಇದೆ. ಕೆಲಸ ಸಿಗುತ್ತೆ, ಆದರೆ ವಿಭಾಗ ಮಹಡಿ ಮೇಲೆ! ಆ ವಿಭಾಗವನ್ನು ಕೆಳಗೆ ತನ್ನಿ. ಮಳೆಗಾಲದಲ್ಲಿ ಮೆಟ್ಟಿಲ ಪಾಚಿ ಉಜ್ಜಿಸಿ, ಎರಡು ಕಾಲೂ ನೆಟ್ಟಗಿರೋ ನಾನೇ ಒಮ್ಮೆ ಜಾರಿ ಬಿದ್ದಿದ್ದೇನೆ. ಇಳಿಜಾರು ದಾರಿ ಇದೆ ಅಂತ ಹೇಳೋ ಮೊದಲು ಅದರ ಮುಂದೆ ಯಾರ ಬೈಕ್ ನಿಂತಿದೆ ನೋಡಿ.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಇದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಗುತ್ತಿಗೆಯವರೂ ದೂರು ಕೊಡಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸದಸ್ಯರ ಹೆಸರು, ನಂಬರ್ ನೋಟಿಸ್ ಬೋರ್ಡಿಗೆ ಹಾಕಿ. 'ಊರಲ್ಲಿ ಎಲ್ಲರೂ ಪರಿಚಯದವರೇ, ಮಾತಾಡಿ ಮುಗಿಸೋಣ' ಅಂತ ನೀವಾಗಿ ಹೇಳಬೇಡಿ. ರಾಜಿ ಬೇಕಾದರೆ ದೂರು ಕೊಟ್ಟವರೇ ಕೇಳಬೇಕು, ಆಗಲೂ ದುಡ್ಡಿನ ಮೇಲೆ ರಾಜಿ ಮಾಡೋ ಹಾಗಿಲ್ಲ.

ನೀವು ಹಿಂದೆ ಬರೆದ ವರದಿಗಳನ್ನೂ ಒಮ್ಮೆ ತೆಗೆದು ನೋಡಿ. ನನ್ನ ಆ 'ಆಸಕ್ತಿ ಕಡಿಮೆ' ತಿದ್ದಿಸೋಕೆ ಎರಡು ಪತ್ರ ಬರೆದಿದ್ದೇನೆ. ಒಂದಕ್ಕೆ ಮಾತ್ರ ಉತ್ತರ ಬಂದಿದೆ: 'ಕಡತ ಪರಿಶೀಲನೆಯಲ್ಲಿದೆ.'