ಸಾಕುಹಾವಿಗೆ ಅವಿತುಕೊಳ್ಳುವ ಗೂಡು: ಆರಿಸುವುದು ಹೇಗೆ, ಮಾಡುವುದು ಹೇಗೆ?

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂಬ ಗಾದೆ ನಮಗೆಲ್ಲ ಗೊತ್ತು. ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಮಟ್ಟಿಗೆ ಅದು ಅಕ್ಷರಶಃ ನಿಜ. ಹಗಲನ್ನು ಗೆದ್ದಲಿನ ಹುತ್ತದಲ್ಲೋ ಇಲಿಯ ಬಿಲದಲ್ಲೋ ಕಳೆದು ಕತ್ತಲಾದ ಮೇಲೆ ಹೊರಬರುವ ಈ ಹಾವನ್ನು, ನಾಲ್ಕೂ ಕಡೆಯಿಂದ ಬೆಳಕು ಬೀಳುವ ಗಾಜಿನ ತೊಟ್ಟಿಯಲ್ಲಿ ಮರೆಯೇ ಇಲ್ಲದಂತೆ ಇಟ್ಟರೆ, ಅದು ತಿನ್ನುವುದನ್ನು ಬಿಡುತ್ತದೆ, ಗಾಜಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಕೂಡ ಸಡಿಲ ತೊಗಟೆಯಡಿ, ಬಿಲಗಳಲ್ಲಿ ಅವಿತಿರುವ ಜೀವಿ. ಇಂಥ ಹಾವಿಗೆ ನೀರಿನ ಬಟ್ಟಲಿನಷ್ಟೇ ಗೂಡೂ ಅಗತ್ಯ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅವುಗಳನ್ನು ಹಿಡಿದು ಸಾಕುವುದು ಅಪರಾಧ. ಕಬ್ಬಿನ ಗದ್ದೆಯಿಂದ ಹಿತ್ತಿಲಿಗೆ ಬಂದ ಹಾವಿನ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಅದಕ್ಕೆ ತೊಟ್ಟಿ ಹುಡುಕಬಾರದು. ಬಾಲ್ ಪೈಥಾನ್‌ನಂತೆ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವನ್ನು ಇಟ್ಟುಕೊಂಡವರು, ಕಾಯ್ದೆಯ 2022ರ ತಿದ್ದುಪಡಿ ಹಾಗೂ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಜಾಲತಾಣದಲ್ಲಿ ನೋಂದಣಿ ಮಾಡಿಸಿರಬೇಕು.

ಎರಡು ಗೂಡು, ಒಂದೇ ಅಳತೆ

ಹಾವು ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುವುದಿಲ್ಲ; ಬೆಚ್ಚಗಿನ ಮತ್ತು ತಂಪಾದ ಜಾಗಗಳ ನಡುವೆ ಓಡಾಡಿ ಹೊಂದಿಸಿಕೊಳ್ಳುತ್ತದೆ. ತೊಟ್ಟಿಯ ತಂಪಾದ ಕಡೆ ಮಾತ್ರ ಗೂಡಿದ್ದರೆ, ಹೆದರಿದ ಹಾವು ಬಿಸಿಯನ್ನು ಬಿಟ್ಟುಕೊಟ್ಟು ಅಲ್ಲೇ ಕುಳಿತಿರುತ್ತದೆ, ತಿಂದದ್ದು ಅರಗುವುದಿಲ್ಲ. ಆದ್ದರಿಂದ ಎರಡೂ ತುದಿಗಳಲ್ಲಿ ಒಂದೊಂದು ಗೂಡು ಇರಬೇಕು, ಎರಡೂ ಸಾಧ್ಯವಾದಷ್ಟು ಒಂದೇ ಬಗೆಯವಾಗಿರಬೇಕು. ಭದ್ರತೆಗೋ ಬೆಚ್ಚಗಿರಲಿಕ್ಕೋ ಎಂಬ ಆಯ್ಕೆಯನ್ನು ಹಾವಿನ ಮುಂದೆ ಇಡಲೇಬಾರದು ಎಂಬುದು ಈ ಲೇಖನದ ಮುಖ್ಯ ಮಾತು.

ಗೂಡು ದೊಡ್ಡದಾದಷ್ಟೂ ಹಾವಿಗೆ ಸುಖ ಎಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಸುರುಳಿ ಸುತ್ತಿ ಮಲಗಿದಾಗ ಮೈ ಎರಡು ಮೂರು ಬದಿಗಳಿಗೆ ಒತ್ತುವಂತಿದ್ದು, ಬೆನ್ನು ಚಾವಣಿಗೆ ತಾಗುವಷ್ಟು ತಗ್ಗಾಗಿದ್ದರೆ ಮಾತ್ರ ಅದಕ್ಕೆ ನೆಮ್ಮದಿ. ಹಾವು ಸುರುಳಿಯಾಗಿ ಮಲಗಿದ್ದಾಗ ಅಡ್ಡಗಲವನ್ನು ಅಂದಾಜಿಸಿ, ಅದಕ್ಕಿಂತ ತುಸುವೇ ಹೆಚ್ಚು ಅಗಲವಿರುವುದನ್ನು ಆರಿಸಿ. ಬಾಗಿಲು ಒಂದೇ ಇರಲಿ. ಊಟ ಮಾಡಿ ಉಬ್ಬಿದ ಹೊಟ್ಟೆಯೂ ಸಲೀಸಾಗಿ ದಾಟುವಷ್ಟಿರಲಿ.

ಹೆಂಚು ಮತ್ತು ಮಡಕೆ

ಅಂಗಡಿಯ ಗೂಡಿಗಿಂತ ನಮ್ಮ ಸೀಮೆಯ ಮಣ್ಣಿನ ಸಾಮಾನೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಳೆಯ ಕಾರ್ನ್ ಸ್ನೇಕ್‌ಗೆ ನಾಡಹೆಂಚು ಹೇಳಿ ಮಾಡಿಸಿದಂತಿದೆ. ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಹಳೆಯ ಮನೆ ಕೆಡವಿದವರ ಹಿತ್ತಿಲಿನಲ್ಲಿ ಈ ಹೆಂಚು ಪೇರಿಸಿಟ್ಟಿರುವುದುಂಟು. ತೆಗೆಯುವಾಗ ಅಡಿಯಲ್ಲಿ ಚೇಳಿದೆಯೇ ಎಂದು ನೋಡಿಕೊಳ್ಳಿ. ಬಿರುಕು ಬಿಡದ ಹೆಂಚನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಪಾಚಿ, ಸುಣ್ಣ ಹೋಗುವಂತೆ ತಿಕ್ಕಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಬೋರಲಾಗಿಟ್ಟು ಒಂದು ತುದಿಯನ್ನು ತೊಟ್ಟಿಯ ಗೋಡೆಗೆ ಒತ್ತಿಟ್ಟರೆ ಒಂದೇ ಬಾಗಿಲಿನ ಗೂಡಾಗುತ್ತದೆ.

ಬೆಳೆದ ಬಾಲ್ ಪೈಥಾನ್‌ಗೆ ಬೋರಲಾಗಿಡಲು ಅಗಲ ಬಾಯಿಯ, ಬಣ್ಣ ಬಳಿಯದ ಮಣ್ಣಿನ ಪಾತ್ರೆ ಬೇಕು. ಅದನ್ನು ನೀರಿನಲ್ಲಿ ನೆನೆಸಿ, ಬಾಯಂಚಿನಲ್ಲಿ ಬಾಗಿಲಿನ ಆಕಾರವನ್ನು ಸೀಮೆಸುಣ್ಣದಿಂದ ಗುರುತಿಸಿ, ಅರದಿಂದ ಸ್ವಲ್ಪಸ್ವಲ್ಪವೇ ಸವೆಸುತ್ತ ಬನ್ನಿ. ಸುತ್ತಿಗೆಯಿಂದ ಒಡೆಯಲು ಹೋದರೆ ಪಾತ್ರೆಯೇ ಸೀಳುತ್ತದೆ. ಆಮೇಲೆ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹಳೆಯ ನೈಲಾನ್ ಕಾಲುಚೀಲವನ್ನು ಅದರ ಮೇಲೆ ಎಳೆದು ನೋಡಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹೊಟ್ಟೆಯ ಹುರುಪೆಯೂ ಸಿಕ್ಕಿಕೊಳ್ಳುತ್ತದೆ, ಮತ್ತೆ ಉಜ್ಜಿ. ಹೂಕುಂಡವಾದರೆ ತಳದ ತೂತನ್ನು ಹಾಗೇ ಬಿಡಬೇಡಿ. ಹಾವು ಅದರೊಳಗೆ ತಲೆ ತೂರಿಸುತ್ತದೆ, ಅರ್ಧ ಮೈ ಹೋದ ಮೇಲೆ ಹುರುಪೆಗಳು ಅಡ್ಡಬಂದು ಹಿಂದಕ್ಕೆ ಬರಲಾಗದು. ಅಕ್ವೇರಿಯಂ ಸಿಲಿಕೋನ್‌ನಿಂದ ಅದನ್ನು ಮುಚ್ಚಿ, ವಾಸನೆ ಪೂರ್ತಿ ಹೋಗುವವರೆಗೆ ಹೊರಗಿಡಿ. ಅಂಟುಟೇಪನ್ನಂತೂ ತೊಟ್ಟಿಯೊಳಗೆ ಎಲ್ಲಿಯೂ ಬಳಸಬಾರದು. ಅದು ಮೈಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ. ಪೈನ್, ದೇವದಾರು ಮರದ ಪ್ಯಾಕಿಂಗ್ ಪೆಟ್ಟಿಗೆಗಳೂ ಬೇಡ, ಅವುಗಳ ಘಾಟು ಹಾವಿನ ಉಸಿರಾಟಕ್ಕೆ ಕೆಟ್ಟದ್ದು.

ಇಡುವ ಕ್ರಮ

ಭಾರದ ಗೂಡನ್ನು ತೊಟ್ಟಿಯ ತಳದ ಮೇಲೆ ನೇರವಾಗಿ ಕೂರಿಸಿ, ತೆಂಗಿನ ನಾರಿನ ಪುಡಿಯನ್ನು ಆಮೇಲೆ ಸುತ್ತ ಹರಡಿ. ಪುಡಿಯ ಮೇಲೆ ಕೂರಿಸಿದರೆ, ಹಾವು ಅಡಿಯಲ್ಲಿ ಕೊರೆದು ಹೋದಾಗ ಗೂಡು ಕುಸಿದು ಅದನ್ನು ಜಜ್ಜಬಹುದು. ತೊಟ್ಟಿಯನ್ನು ಬೆಚ್ಚಗಿಡುವ ಹೀಟ್ ಮ್ಯಾಟನ್ನು ಥರ್ಮೋಸ್ಟಾಟ್ (ಶಾಖ ನಿಯಂತ್ರಕ) ಇಲ್ಲದೆ ಹಚ್ಚಬೇಡಿ. ಬಾಲ್ ಪೈಥಾನ್‌ನ ಬೆಚ್ಚನೆಯ ಗೂಡಿನಲ್ಲಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪಿನದರಲ್ಲಿ 25ರಿಂದ 27 ಡಿಗ್ರಿ ಇದ್ದರೆ ಸರಿ; ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಅಳತೆಯನ್ನು ಗೂಡಿನ ಒಳಗೆ, ಹಾವಿನ ಹೊಟ್ಟೆ ತಾಗುವ ನೆಲದಲ್ಲಿ ತೆಗೆದುಕೊಳ್ಳಬೇಕು, ಗಾಜಿಗೆ ಅಂಟಿಸಿದ ಮಾಪಕ ಹೇಳುವುದು ಬೇರೆ.

ಏಪ್ರಿಲ್ ತಿಂಗಳ ನಮ್ಮ ಒಣ ಸೆಕೆಯಲ್ಲಿ ತಂಪಿನ ತುದಿಯೂ ಕಾಯುತ್ತದೆ. ಆಗ ಮೆರುಗು ಹಾಕದ ಮಣ್ಣಿನ ಗೂಡಿನ ಗುಣ ತಿಳಿಯುತ್ತದೆ: ಹೊರಮೈಗೆ ನೀರು ಚಿಮುಕಿಸಿದರೆ ಕುಡಿಯುವ ನೀರಿನ ಮಡಕೆಯಂತೆ ಅದು ಒಳಗೆ ತಣ್ಣಗಿರುತ್ತದೆ.

ಹಾವಿನ ಕಣ್ಣು ಹಾಲು ಬೆರೆಸಿದಂತೆ ಮಸುಕಾದರೆ ಅದು ಪೊರೆ ಬಿಡಲಿದೆ ಎಂದರ್ಥ. ಆ ದಿನಗಳಿಗಾಗಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಬದಿಯಲ್ಲಿ ಬಾಗಿಲು ಕೊರೆದು, ನೆನೆಸಿ ಹನಿ ಬೀಳದಂತೆ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನೋ (ಮಾಸ್) ನಾರಿನ ಪುಡಿಯನ್ನೋ ತುಂಬಿ ಮೂರನೆಯ ಗೂಡಾಗಿ ಇಡಿ. ಮಳೆಗಾಲದಲ್ಲಿ ಇದು ಬೇಗ ಬೂಷ್ಟು ಹಿಡಿಯುವುದರಿಂದ ವಾರಕ್ಕೊಮ್ಮೆಯಾದರೂ ಬದಲಿಸಬೇಕು.

ಗೂಡು ತೊಳೆಯಲು ಬಿಸಿನೀರು, ಪಾತ್ರೆ ಸೋಪು, ಬಿಸಿಲು ಸಾಕು. ಫಿನಾಯಿಲ್ ಹಾವಿಗೆ ವಿಷ. ಇರುವೆ ಚಾಕ್‌ ಕೂಡ ಅಪಾಯಕಾರಿ. ಇರುವೆ ಬರುತ್ತಿದ್ದರೆ ತೊಟ್ಟಿ ಇಟ್ಟ ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡಿ. ಊಟವಾಗಿ ಎರಡು ದಿನ ಗೂಡನ್ನು ಮುಟ್ಟಬೇಡಿ. ಹಾವನ್ನು ಹೊರಗೆ ತೆಗೆಯಬೇಕಾದಾಗ ಬಾಗಿಲಿನಿಂದ ಕೈ ತೂರಿಸಿ ಎಳೆಯದೆ ಗೂಡನ್ನೇ ಮೇಲಕ್ಕೆ ಎತ್ತಿ. ಹಾವು ಬೆಳೆದು ಗೂಡು ಇಕ್ಕಟ್ಟಾದಾಗ ಎರಡನ್ನೂ ಒಟ್ಟಿಗೆ ಬದಲಿಸುವುದು ಬೇಡ. ಮೊದಲು ಒಂದನ್ನು ಬದಲಿಸಿ, ಹಳೆಯ ಪುಡಿಯನ್ನು ಹಿಡಿಯಷ್ಟು ಅದರೊಳಗೆ ಹಾಕಿ, ಹಾವು ಅಲ್ಲಿ ಮಲಗಲು ಶುರುಮಾಡಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ.