ಥೋರೋನ ಲೆಕ್ಕದ ಪಟ್ಟಿ, ನನ್ನ ಕಾರು

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋನ 'ವಾಲ್ಡೆನ್' ನಾನು ಎರಡು ಸಲ ಅರ್ಧಕ್ಕೇ ಬಿಟ್ಟ ಪುಸ್ತಕ. ಕೊಳದ ದಡದ ಕಾಡಿನಲ್ಲಿ ಅವನು ಸರಳವಾಗಿ ಬದುಕಿ ನೋಡಿದ ಕಥೆ ಅದು. ಕಾಡು, ಕೊಳ, ಹಕ್ಕಿ ಅಂತ ಆಸೆಯಿಂದ ತೆರೆದರೆ ಮೊದಲ ಅಧ್ಯಾಯದಲ್ಲೇ ಖರ್ಚಿನ ಲೆಕ್ಕ. ಮೂರನೇ ಸಲ ಹಟ ಹಿಡಿದೆ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಅವನ ಲೆಕ್ಕವನ್ನೇ ಬರೆದುಕೊಳ್ಳುತ್ತಾ ಓದಿದೆ.

ಥೋರೋ ತನ್ನೂರು ಕಾಂಕರ್ಡ್ ಹತ್ತಿರದ ಆ ವಾಲ್ಡೆನ್ ಕೊಳದ ದಡಕ್ಕೆ ಹೋಗಿದ್ದು 1845ರ ಜುಲೈ 4ಕ್ಕೆ. 10 ಅಡಿ ಅಗಲ, 15 ಅಡಿ ಉದ್ದದ ಮನೆ. ಹಲಗೆಗೋಸ್ಕರ ಒಂದು ಹಳೇ ಗುಡಿಸಲು ಕೊಂಡು ಬಿಚ್ಚಿದ. ಇವನು ಹಲಗೆ ಸಾಗಿಸುವಾಗ ನೆರೆಯವನೊಬ್ಬ ನೆಟ್ಟಗಿದ್ದ ಮೊಳೆಗಳನ್ನು ಜೇಬಿಗೆ ಇಳಿಸಿದನಂತೆ! ಮನೆಯ ಒಟ್ಟು ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್. ಆ ಅರ್ಧ ಸೆಂಟ್ ಬರೆಯುವಾಗ ನಗು ಬಂತು. ನಮ್ಮಜ್ಜಿ ಹಾಲಿನ ಲೆಕ್ಕ ಇಡುತ್ತಿದ್ದದ್ದೂ ಹೀಗೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ರೈಲಿನ ಮಾತು. ಫಿಚ್‌ಬರ್ಗ್ ಊರಿಗೆ 30 ಮೈಲಿ, ಟಿಕೆಟ್ 90 ಸೆಂಟ್, ಅಂದರೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ನೀನು ಆ ದುಡ್ಡು ದುಡಿದು ರೈಲು ಹತ್ತುವಷ್ಟರಲ್ಲಿ ನಾನು ನಡೆದೇ ತಲುಪಿರುತ್ತೇನೆ ಅನ್ನುತ್ತಾನೆ.

ಸುಮ್ನೆ ನನ್ನ ಕಾರಿಗೂ ಇದೇ ಲೆಕ್ಕ ಹಾಕಿದೆ. ಕಂತು, ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್ ಎಲ್ಲ ಕೂಡಿಸಿ ದಿನದ ಸಂಬಳದಿಂದ ಭಾಗಿಸಿದೆ. ತಿಂಗಳಲ್ಲಿ 7 ದಿನ ನಾನು ಕಾರಿಗೋಸ್ಕರ ದುಡಿಯುತ್ತಿದ್ದೆ. ಆ ಕಾರು ಹೋಗುತ್ತಿದ್ದದ್ದೆಲ್ಲಿಗೆ? ಆಫೀಸಿಗೆ!

ಮಾರಿಬಿಟ್ಟೆ. ಈಗ ಬಸ್ ಸ್ಟಾಪಿಗೆ ಒಂದೂವರೆ ಕಿಲೋಮೀಟರ್ ನಡಿಗೆ. ಮಳೆಗಾಲದಲ್ಲಿ ಒದ್ದೆ ಶೂ ಹಾಕಿಕೊಂಡೇ ದಿನವಿಡೀ ಕೂತು ಥೋರೋನನ್ನು ಬೈದಿದ್ದೂ ಉಂಟು. ಆದರೆ ಕಂತು ಹೋದ ಮೇಲೆ, 'ಭಾನುವಾರ ಬರಲ್ಲ ಸಾರ್' ಅನ್ನೋಕೆ ಮೊದಲ ಸಲ ಬಾಯಿ ಬಂತು.

ಅವನ ಜೈಲಿನ ಕಥೆ ಆಗಲೇ ಸರಿಯಾಗಿ ಅರ್ಥವಾಗಿದ್ದು. ಮನುಷ್ಯರನ್ನು ಗುಲಾಮರಾಗಿ, ದನಗಳಂತೆ ಮಾರುವ ಸರ್ಕಾರಕ್ಕೆ ತಲೆಗಂದಾಯ ಕಟ್ಟಲ್ಲ ಅಂತ ಕೂತಿದ್ದ. 1846ರ ಜುಲೈಯಲ್ಲಿ, ರಿಪೇರಿಗೆ ಕೊಟ್ಟ ಶೂ ತರಲು ಊರಿಗೆ ಬಂದವನನ್ನು ಹಿಡಿದು ಒಂದು ರಾತ್ರಿ ಒಳಗೆ ಹಾಕಿದರು. ಯಾರೋ ಕಂದಾಯ ಕಟ್ಟಿ ಬಿಡಿಸಿದರು. ಕಳಕೊಳ್ಳೋಕೆ ಜಾಸ್ತಿ ಏನೂ ಇಲ್ಲದವನಿಗೆ 'ಇಲ್ಲ' ಅನ್ನೋದು ಸ್ವಲ್ಪ ಸುಲಭ, ಅಲ್ವಾ?

ಅವನ ಪಟ್ಟಿಯಲ್ಲಿ ಒಂದು ತಮಾಷೆಯಿದೆ. ಬಟ್ಟೆ ಒಗೆತ ಹೊರಗಡೆ ಆಯಿತು, ಅದರ ಬಿಲ್ ಇನ್ನೂ ಬಂದಿಲ್ಲ ಅಂತ ಬರೆದುಕೊಂಡಿದ್ದಾನೆ. ಇದನ್ನು ಹೆಂಡತಿಗೆ ನಗುತ್ತಾ ಓದಿ ಹೇಳಿದೆ. ಅವಳು ನನ್ನ ನೋಟ್‌ಬುಕ್ ಈಚೆ ಎಳೆದುಕೊಂಡು ಕೊನೆಗೊಂದು ಸಾಲು ಸೇರಿಸಿದಳು: 'ಸಂತೆಯಿಂದ ತರಕಾರಿ ಚೀಲ ಹೊತ್ತದ್ದು, ನಾಲ್ಕು ವಾರ. ಬಿಲ್ ಬಾಕಿ.'