ಎಂಟನೇ ಚಾನೆಲ್ ಎಲ್ಲಿಂದ ಬಂತು? ಅರೇ ಬೌಂಡ್ಸ್ ವಾರ್ನಿಂಗ್ ಜೊತೆ ನನ್ನ ಆರು ವಾರ

ಜಿಸಿಸಿ 9 ಕಂಪೈಲರ್‌ನಲ್ಲಿ ತಣ್ಣಗೆ ಬಿಲ್ಡ್ ಆಗುತ್ತಿದ್ದ ಫರ್ಮ್‌ವೇರನ್ನು ಜಿಸಿಸಿ 12ಕ್ಕೆ ಹಾಕಿದ ದಿನ ಇನ್ನೂರಕ್ಕೂ ಹೆಚ್ಚು ಅರೇ ಬೌಂಡ್ಸ್ ವಾರ್ನಿಂಗ್ ಬಿದ್ದವು, ಅಂದರೆ ಕೋಡ್ ಅರೇಯ (ಸಾಲಾಗಿ ಜೋಡಿಸಿಟ್ಟ ಮೌಲ್ಯಗಳ) ಗಡಿ ದಾಟುತ್ತಿದೆ ಎಂಬ ಎಚ್ಚರಿಕೆ. ಸುಮಾರು ಒಂದೂವರೆ ಲಕ್ಷ ಸಾಲಿನ ಸಿ ಕೋಡ್, ಓ2 (ಕೋಡನ್ನು ವೇಗವಾಗಿಸುವ ಆಪ್ಟಿಮೈಸೇಶನ್‌ನ ಮಟ್ಟ), ವಾರ್ನಿಂಗ್ ಬಂದರೆ ಎರರ್ ಎನ್ನುವ ಸೆಟ್ಟಿಂಗ್. ಯಾವ ವಾರ್ನಿಂಗನ್ನೂ ಆಫ್ ಮಾಡುವಂತಿಲ್ಲ ಅಂತ ಒಪ್ಪಂದದಲ್ಲೇ ಬರೆದಿತ್ತು. ಕೊನೆಯ ಕಂತು, ಒಟ್ಟು ಹಣದ ಕಾಲು ಭಾಗ, ಆ ಒಂದು ಸಾಲಿಗೆ ಸಿಕ್ಕಿಹಾಕಿಕೊಂಡಿತ್ತು. ನಾನೋ ಹತ್ತು ದಿನದ ಕೆಲಸ ಅಂತ ಲೆಕ್ಕ ಹಾಕಿ ದರ ಹೇಳಿಬಿಟ್ಟಿದ್ದೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. "ಅವೆಲ್ಲ ಸುಳ್ಳು ವಾರ್ನಿಂಗ್. ಲಿನಕ್ಸ್ ಕರ್ನೆಲ್‌ನವರೇ 2022ರಲ್ಲಿ ಜಿಸಿಸಿ 12ಕ್ಕೆ ಅದನ್ನ ಆಫ್ ಮಾಡಿದ್ರು. ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಕರ್ನೆಲ್ ವಿಷಯ ನಿಜವೇ. ಆದರೆ ಇನ್ನೂರರಲ್ಲಿ ನಾಲ್ಕಾದರೂ ದಿಟವಾಗಿದ್ದರೆ, ಆ ನಾಲ್ಕು ಯಾವುವು ಅಂತ ಒಬ್ಬರೂ ಹೇಳಲಿಲ್ಲ.

ಮೊದಲು ಓ1ಕ್ಕೆ ಇಳಿಸಿ ನೋಡಿದೆ. ವಾರ್ನಿಂಗ್ ಬಹುಪಾಲು ಮಾಯ. ಆಗಲೇಬೇಕು, ವೇರಿಯಬಲ್‌ನ ಮೌಲ್ಯ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅಂತ ಲೆಕ್ಕ ಹಾಕುವ ವ್ಯಾಲ್ಯೂ ರೇಂಜ್ ಪಾಸ್ (ಕಂಪೈಲರ್‌ನ ಒಂದು ಹಂತ) ಓಡುವುದೇ ಓ2ರಿಂದ ಮೇಲೆ. ಆದರೆ ಒಂದು ಮಿಲಿಸೆಕೆಂಡಿನೊಳಗೆ ಮುಗಿಯಬೇಕಿದ್ದ ಕಂಟ್ರೋಲ್ ಲೂಪ್ ಮುಗಿಯಲಿಲ್ಲ. ಇನ್ನೊಂದು ಕಂಪೈಲರ್ ಆದ ಕ್ಲಾಂಗ್‌ನಲ್ಲೂ ಕಂಪೈಲ್ ಮಾಡಿದೆ, ಸದ್ದೇ ಇಲ್ಲ. ಕ್ಲಾಂಗ್ ಈ ವಾರ್ನಿಂಗನ್ನು ಫ್ರಂಟ್ ಎಂಡ್‌ನಲ್ಲೇ, ಅಂದರೆ ಕೋಡನ್ನು ಓದುವ ಮೊದಲ ಹಂತದಲ್ಲೇ, ಕೊಡುತ್ತದೆ, ಆಪ್ಟಿಮೈಸರ್ ಕಂಡುಹಿಡಿದದ್ದು ಅದಕ್ಕೆ ತಿಳಿಯುವುದಿಲ್ಲ. ಅದರ ಮೌನವನ್ನು ಸರ್ಟಿಫಿಕೇಟ್ ಅಂತ ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ವಾರ್ನಿಂಗ್ ಬಂದ ಪ್ರತಿ ಫಂಕ್ಷನ್ನಿನ ತಲೆಯಲ್ಲಿ ಇಂಡೆಕ್ಸ್ (ಅರೇಯಲ್ಲಿನ ಸ್ಥಾನಸಂಖ್ಯೆ) ಚೆಕ್ ಸೇರಿಸಿದೆ. ಮೂರು ದಿನ ಕೂತು ಸೇರಿಸಿ ಬಿಲ್ಡ್ ಮಾಡಿದರೆ ವಾರ್ನಿಂಗ್ ಹತ್ತು ಹನ್ನೆರಡು ಜಾಸ್ತಿಯೇ ಆಗಿದ್ದವು! ಅವತ್ತು ರಾತ್ರಿ ಕೆಲಸ ಬಿಟ್ಟುಕೊಡುವ ಮೇಲ್ ಅರ್ಧ ಬರೆದಿಟ್ಟೆ.

ಕಳಿಸುವ ಮುಂಚೆ ಒಂದು ಫೈಲನ್ನು ಸಿ-ರೆಡ್ಯೂಸ್‌ಗೆ ಹಾಕಿ ಮಲಗಿದೆ. ವಾರ್ನಿಂಗ್ ಉಳಿಯುವಂತೆ ನೋಡಿಕೊಂಡು ಉಳಿದ ಕೋಡನ್ನೆಲ್ಲ ಕತ್ತರಿಸುತ್ತಾ ಹೋಗುವ ಟೂಲ್ ಅದು. ಪ್ರೀಪ್ರೊಸೆಸ್ ಆದ ಮೇಲೆ ಒಂಬತ್ತು ಸಾವಿರ ಸಾಲಿದ್ದದ್ದು ಬೆಳಿಗ್ಗೆ ಹದಿನಾಲ್ಕು ಸಾಲಿಗೆ ಇಳಿದಿತ್ತು. ಎಂಟು ಚಾನೆಲ್‌ಗಳ ಅರೇ, ಎಣಿಕೆ ಸೊನ್ನೆಯಿಂದ ಏಳರವರೆಗೆ. ವಾರ್ನಿಂಗ್ ಹೇಳುತ್ತಿದ್ದದ್ದು ಸಬ್‌ಸ್ಕ್ರಿಪ್ಟ್ (ಅಂದರೆ ಇಂಡೆಕ್ಸ್) 8 ಅರೇಯ ಗಡಿ ಮೀರಿದೆ ಅಂತ. ಎಂಟನ್ನು ಯಾರೂ ಎಲ್ಲೂ ಕಳಿಸುತ್ತಿರಲಿಲ್ಲ. ಆದರೆ ಮೇಲೆ ನಾನೇ ಬರೆದ ಸಾಲಿತ್ತು: ಚಾನೆಲ್ 8 ಆಗಿದ್ದರೆ ಲಾಗ್ ಮಾಡು. ಲಾಗ್ ಮಾಡಿ ರಿಟರ್ನ್ ಆಗಿರಲಿಲ್ಲ, ಕೆಳಗೆ ಇಳಿದು ಅರೇಯನ್ನು ಓದುತ್ತಿತ್ತು.

ಷರತ್ತಿನ ಒಂದೊಂದು ಉತ್ತರಕ್ಕೂ ಬೇರೆ ದಾರಿ ಮಾಡುವ ಆಪ್ಟಿಮೈಸೇಶನ್ ಆದ ಜಂಪ್ ಥ್ರೆಡಿಂಗ್ ಅಲ್ಲಿ ಆ ದಾರಿಗೆ ಬೇರೆಯೇ ಒಂದು ನಕಲು ಮಾಡಿತ್ತು. ಆ ನಕಲಿನಲ್ಲಿ ಚಾನೆಲ್ ಅಂದರೆ ಎಂಟೇ, ಅರೇ ಓದಿದರೆ ಗಡಿ ಮೀರಿದ್ದೇ. ಕಂಪೈಲರ್ ದೂರುತ್ತಿದ್ದದ್ದು ನಾನು ಬರೆದ ಸಾಲನ್ನಲ್ಲ, ಅದರ ಒಂದು ನಕಲನ್ನು. ನಾನೇ ‘ಎಂಟು ಆಗಬಹುದೇ’ ಅಂತ ಕೇಳಿದ್ದೆ, ಅದು ಆಗಬಹುದು ಅಂತಲೇ ಇಟ್ಟುಕೊಂಡು ಮುಂದೆ ಹೋಗಿತ್ತು. ಇದು ಕಂಡ ಮೇಲೆ ಅರ್ಧ ಬರೆದ ಮೇಲ್ ಅಳಿಸಿದೆ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ವಾರ್ನಿಂಗ್ ತೋರಿಸುವ ಸಾಲನ್ನು ನೋಡುವುದು ಬಿಟ್ಟು, ಪ್ರತಿ ಪಾಸ್ ಆದ ಮೇಲೆ ಕೋಡ್ ಹೇಗಿದೆ ಅಂತ ಜಿಸಿಸಿ ಬರೆದುಕೊಡುವ ಟ್ರೀ ಡಂಪ್ ತೆಗೆದು ಯಾವ ಪಾಸ್‌ನಲ್ಲಿ ಆ ನಕಲು ಹುಟ್ಟಿತು, ಯಾವ ಷರತ್ತು ಅದಕ್ಕೆ ದಾರಿ ಕೊಟ್ಟಿತು ಅಂತ ಹುಡುಕುತ್ತಿದ್ದೆ. ಸಿಕ್ಕಿದ ಷರತ್ತಿಗೆ ಎರಡೇ ಉತ್ತರ: ಆ ದಾರಿ ನಿಜಕ್ಕೂ ಇದ್ದರೆ ಅಲ್ಲೇ ರಿಟರ್ನ್, ಇಲ್ಲವೆಂದು ಮೇಲಿನ ಹಂತದಲ್ಲೇ ಪರೀಕ್ಷೆ ಆಗಿದ್ದರೆ ಬಿಲ್ಟ್‌ಇನ್ ಅನ್‌ರೀಚಬಲ್, ಅಂದರೆ ಇಲ್ಲಿಗೆ ಎಂದೂ ಬರುವುದಿಲ್ಲ ಅಂತ ಕಂಪೈಲರ್‌ಗೆ ಕೊಡುವ ಮಾತು. ಎರಡನೆಯದನ್ನು ಮತ್ತೆ ಮತ್ತೆ ಓಡುವ ಬಿಸಿ ಲೂಪ್‌ಗಳಲ್ಲಿ ಐದಾರು ಕಡೆ ಮಾತ್ರ ಹಾಕಿದೆ. ಅಲ್ಲಿ ಸುಳ್ಳು ಹೇಳಿದರೆ ಕಂಪೈಲರ್ ನಂಬಿ ಕೋಡನ್ನೇ ಕಿತ್ತುಹಾಕುತ್ತದೆ. ನೂರಕ್ಕೂ ಹೆಚ್ಚು ವಾರ್ನಿಂಗ್ ಹೀಗೇ ಹೋದವು. ಸಿ-ರೆಡ್ಯೂಸ್ ತಾನೇ ಹೊಸದೊಂದು ನಿಜವಾದ ಬಗ್ ಹುಟ್ಟಿಸಿ ದಾರಿ ತಪ್ಪಿಸುವುದುಂಟು, ಎಲ್ಲರಿಗೂ ಆಗಿರುತ್ತದೆ. ಅದನ್ನು ತಡೆಯಲು, ಯಾವ ತುಂಡನ್ನು ಉಳಿಸಬೇಕು ಅಂತ ಅದಕ್ಕೆ ಹೇಳುವ ಸ್ಕ್ರಿಪ್ಟ್‌ನಲ್ಲಿ ನಾನು ಹಾಕುವ ಹೆಚ್ಚಿನ ಷರತ್ತನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಪ್ರಶ್ನೆ.

ಸೊನ್ನೆಯ ಹತ್ತಿರದ ವಿಳಾಸಗಳದ್ದು ಸಣ್ಣ ವಿಷಯ. ಬೂಟ್ ಕೋಡ್ ವೆಕ್ಟರ್ ಟೇಬಲ್ (ಇಂಟರಪ್ಟ್ ಬಂದಾಗ ಎಲ್ಲಿಗೆ ಹೋಗಬೇಕು ಎಂಬ ವಿಳಾಸಗಳ ಪಟ್ಟಿ) ಓದುವ ಕಡೆಯೆಲ್ಲ ಸೊನ್ನೆ ಉದ್ದದ ಅರೇ ಅಂತ ದೂರು. ಜಿಸಿಸಿ 12 ಮೊದಲ 4096 ಬೈಟ್‌ಗಳ ಸ್ಥಿರ ವಿಳಾಸವನ್ನು ನಲ್ ಪಾಯಿಂಟರ್‌ಗೆ (ಎಲ್ಲಿಗೂ ತೋರಿಸದ ವಿಳಾಸಕ್ಕೆ) ಏನೋ ಕೂಡಿದ್ದು ಅಂತ ಎಣಿಸುತ್ತದೆ. ಆ 4096ನ್ನು ನಿಗದಿ ಮಾಡುವ ಮಿನ್-ಪೇಜ್‌ಸೈಜ್ ಪ್ಯಾರಾಮೀಟರನ್ನು ಸೊನ್ನೆ ಮಾಡಿದರೆ ಸುಮಾರು ನಲವತ್ತು ಒಟ್ಟಿಗೇ ಹೋಗುತ್ತವೆ. ಎಂಎಂಯು (ಮೆಮೊರಿ ವಿಳಾಸ ನಿರ್ವಹಿಸುವ ಘಟಕ) ಇಲ್ಲದ ಚಿಪ್‌ನಲ್ಲಿ ಸೊನ್ನೆಯೂ ಒಂದು ವಿಳಾಸವೇ, ಹಾಗಾಗಿ ಇದು ವಾರ್ನಿಂಗ್ ಮುಚ್ಚಿದಂತಲ್ಲ, ಹಾರ್ಡ್‌ವೇರ್ ಹೇಗಿದೆ ಅಂತ ತಿಳಿಸಿದಂತೆ. ಗಿರಾಕಿಗೆ ಇದನ್ನು ಒಪ್ಪಿಸಲು ಒಂದು ವಾರ ಹಿಡಿಯಿತು.

ಸ್ಟ್ರಕ್ಟ್‌ನ ಬಾಲದಲ್ಲಿ ಒಂದು ಎಲಿಮೆಂಟಿನ ಅರೇ ಇಟ್ಟು ಅದರಾಚೆ ಬರೆಯುವ ಹಳೇ ಚಾಳಿ ಇನ್ನೊಂದು. ಸಿ99 ಬಂದಾಗಿನಿಂದ ಅದಕ್ಕೆಂದೇ ಉದ್ದ ಬರೆಯದ ಫ್ಲೆಕ್ಸಿಬಲ್ ಅರೇ ಇದೆ, ಬದಲಿಸಿದೆ. ಆಗ ಸೈಜ್‌ಆಫ್ (ಸ್ಟ್ರಕ್ಟ್‌ನ ಬೈಟ್ ಲೆಕ್ಕ) ಕಡಿಮೆಯಾಗುತ್ತದೆ ಎನ್ನುವುದು ಗೊತ್ತಿದ್ದೂ ಒಂದು ಕಡೆ ಮರೆತೆ. ಪ್ಯಾಕೆಟ್‌ನ ಕೊನೆಯ ಬೈಟ್‌ಗಳು ಕತ್ತರಿಸಿಹೋದವು. ಡೇಟಾ ಸರಿಯಿದೆಯೇ ಅಂತ ನೋಡುವ ಸಿಆರ್‌ಸಿ ತಪ್ಪುತ್ತಿದೆ ಅಂತ ಕೇಬಲ್ ಬದಲಿಸಿದೆ, ಬೋರ್ಡ್ ಬದಲಿಸಿದೆ. ಎರಡು ದಿನ ಮತ್ತು ಬಾಡಿಗೆಗೆ ತಂದ ಲಾಜಿಕ್ ಅನಲೈಸರ್‌ನ ಹಣ ನೀರಲ್ಲಿ ಹೋಮ.

ಈಗ ಆ ನಾಲ್ಕರ ಮಾತು. ಕೊನೆಗೆ ನಿಜವಾಗಿ ಸಿಕ್ಕಿದ್ದು ಐದು. ನಾಲ್ಕು ಕಾಪಿ ಪೇಸ್ಟ್ ತಪ್ಪುಗಳು, ಬಿಡಿ. ಐದನೆಯದು ಸೆನ್ಸರ್‌ನ ಅಳತೆಯನ್ನು ಇಂಟರ್‌ಪೊಲೇಷನ್ ಟೇಬಲ್‌ನಲ್ಲಿ ಹುಡುಕುವ ಲೂಪ್. ಪ್ರತಿ ಸುತ್ತಿನಲ್ಲಿ ಮುಂದಿನ ಎಲಿಮೆಂಟನ್ನೂ ಓದುತ್ತಿತ್ತು, ಕೊನೆಯ ಸುತ್ತಿನಲ್ಲಿ ಟೇಬಲ್‌ನಿಂದ ಒಂದು ಹೆಜ್ಜೆ ಆಚೆ. ಅಳತೆ ಟೇಬಲ್‌ನ ಒಳಗಿರುವವರೆಗೆ ಲೂಪ್ ಮೊದಲೇ ಬ್ರೇಕ್ ಆಗುತ್ತಿತ್ತು, ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ. ಅಸೆಂಬ್ಲಿ ತೆಗೆದು ನೋಡಿದೆ. ಲೂಪ್ ನಿಲ್ಲಿಸುವ ಎಣಿಕೆಯ ಹೋಲಿಕೆಯೇ ಅಲ್ಲಿ ಇಲ್ಲ! ಗಡಿ ಮೀರಿ ಓದುವ ಸುತ್ತು ಬರಲಾರದು, ಆದ್ದರಿಂದ ಆ ಹೋಲಿಕೆ ಬೇಡ ಅಂತ ಜಿಸಿಸಿ ತೀರ್ಮಾನಿಸಿತ್ತು. ಪ್ರೊಸೆಸರ್ ವೇಗ ಅಳೆಯುವ ಸ್ಪೆಕ್ ಸಿಪಿಯು2006ರ ಎಚ್264ರೆಫ್ ಎಂಬ ಪ್ರೋಗ್ರಾಮಿಗೆ ಜಿಸಿಸಿ 4.8ರ ಕಾಲದಲ್ಲಿ ಆದದ್ದೂ ಇದೇ: ಹದಿನಾರು ಎಲಿಮೆಂಟಿನ ಅರೇ, ಕೊನೆಯಲ್ಲಿ ಹದಿನೇಳನೆಯದನ್ನು ಓದಿ ಕೊನೆಯೇ ಇಲ್ಲದ ಲೂಪ್. ನಮ್ಮಲ್ಲೂ ಸೆನ್ಸರ್ ತುಂಡಾಗಿ ಅಳತೆ ಮೇಲಕ್ಕೆ ಹಾರಿದರೆ ಲೂಪ್ ಅಲ್ಲೇ ಸುತ್ತುತ್ತಿತ್ತು. ಟೆಸ್ಟ್ ಬೆಂಚಿನಲ್ಲಿ ತಂತಿ ಕಿತ್ತು ತೋರಿಸಿದೆ. ಕೋಡ್ ಸಿಕ್ಕಿಕೊಂಡರೆ ಚಿಪ್ ಮರುಚಾಲೂ ಮಾಡುವ ವಾಚ್‌ಡಾಗ್ ಟೈಮರ್‌ನಿಂದ ರೀಸೆಟ್, ಮತ್ತೆ ರೀಸೆಟ್. ಆಫ್ ಮಾಡಿ ಅಂದವರಲ್ಲಿ ಒಬ್ಬರು ಆ ಕೋಣೆಯಲ್ಲೇ ಇದ್ದರು.

ಈ ಬಗ್ ಅಡ್ರೆಸ್ ಸ್ಯಾನಿಟೈಸರ್‌ಗೆ (ಕೋಡ್ ಓಡುವಾಗ ಗಡಿ ಮೀರುವುದನ್ನು ಹಿಡಿಯುವ ಟೂಲ್) ಮೊದಲೇ ಸಿಗಬೇಕಿತ್ತಲ್ಲ ಅಂತ ಹೋಸ್ಟ್‌ನಲ್ಲಿ, ಅಂದರೆ ನನ್ನ ಕಂಪ್ಯೂಟರಿನಲ್ಲೇ, ಓಡಿಸಿಯೂ ನೋಡಿದೆ. ಸಿಗಲಿಲ್ಲ. ಟೇಬಲ್ ಮೀರುವ ಅಳತೆ ಒಂದೂ ನಮ್ಮ ಟೆಸ್ಟ್‌ಗಳಲ್ಲಿರಲಿಲ್ಲ. ಇನ್ನು ಸ್ಯಾನಿಟೈಸರ್ ಹಾಕಿದ ಬಿಲ್ಡ್‌ನ ವಾರ್ನಿಂಗನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಸೇರಿಸುವ ಕೋಡಿನಿಂದ ಸುಳ್ಳು ವಾರ್ನಿಂಗ್ ಇನ್ನಷ್ಟು ಹುಟ್ಟುತ್ತವೆ.

ಹತ್ತು ದಿನದ ಕೆಲಸಕ್ಕೆ ಆರು ವಾರ ಹಿಡಿಯಿತು. ಕೊನೆಯ ಕಂತು ಪೂರ್ತಿ ಬಂತು, ಆದರೂ ದಿನಗೂಲಿ ಲೆಕ್ಕದಲ್ಲಿ ನನಗೆ ಅರ್ಧಕ್ಕಿಂತ ಕಡಿಮೆ ಬಿತ್ತು. ಇದೇ ಕೋಡನ್ನು ಮೊನ್ನೆ ಜಿಸಿಸಿ 13ಕ್ಕೆ ಏರಿಸಿದೆವು. ಹೊಸದಾಗಿ ಏಳು ವಾರ್ನಿಂಗ್, ಮಧ್ಯಾಹ್ನ ಕೂತವನು ಸಂಜೆಗೆ ಎದ್ದೆ. ಅಂದು ಆ ಕೋಣೆಯಲ್ಲಿದ್ದವರು ಈಗ ತಮ್ಮ ಪ್ರಾಜೆಕ್ಟಿನದೊಂದು ಫೈಲ್ ಕಳಿಸಿದ್ದಾರೆ. ನಿನ್ನೆ ರಾತ್ರಿಯಿಂದ ಸಿ-ರೆಡ್ಯೂಸ್‌ನಲ್ಲಿ ಓಡುತ್ತಿದೆ, ಆರುನೂರು ಸಾಲಿಗೆ ಬಂದಿದೆ.